ಸುಮ್ಮನಿದ್ದ ಫೋನು

ಸುಮಿ ಜಿಲ್ಲೆ, ಉಕ್ರೇನ್

ಮಗಳೇ ಯಾರಿನಾ,

ನಿನ್ನ ಅಮ್ಮ ಹೋದದ್ದನ್ನು ನೀನಿರುವ ಸೇನಾ ತುಕಡಿಯ ಅಧಿಕಾರಿ ತಿಳಿಸಿದರಂತೆ. ಹೇಗೆ ಎಂದು ನೀನು ಕೇಳಿ ಬರೆದಿದ್ದೀಯ. ಹೇಳುತ್ತೇನೆ.

ಅಂದು ಬೆಳಿಗ್ಗೆ ಶತ್ರುದೇಶದ ಕಂಪ್ಯೂಟರಿನವರು ನಮ್ಮ ಜಿಲ್ಲೆಯ ಫೋನ್ ಜಾಲವನ್ನೇ ಕೆಡವಿದ್ದರು. ನಮಗೇನು ಗೊತ್ತು? ದಾಳಿ ಬರುವ ಮುನ್ನ ಎಚ್ಚರಿಸಲು ಫೋನು ಕೂಗುತ್ತದೆ, ಕೂಗದಿದ್ದರೆ ಭಯವಿಲ್ಲ ಎಂದು ಊರೆಲ್ಲ ನಂಬಿತ್ತು. ಆದರೆ ನಿನ್ನ ಮಾವನ ಕಿವಿ ಎಂಥದ್ದು! ಟ್ರ್ಯಾಕ್ಟರಿನ ಕೆಮ್ಮು ಕೇಳಿಯೇ ಅದರ ಕಾಯಿಲೆ ಹೇಳುವವನು ನಾನು. ಡ್ರೋನಿನ ಸದ್ದನ್ನು ಊರಿಗೆ ಮೊದಲು ಕೇಳಿಸಿಕೊಂಡವನೂ ನಾನೇ. ಓಡಿಹೋಗಿ ನೆಲಮಾಳಿಗೆಯ ಬಾಗಿಲು ತೆಗೆದು ಕೂಗಿದೆ.

ಅಕ್ಕ ಅಡುಗೆಮನೆಯಲ್ಲಿ ಬೋರ್ಶ್ ಸಾರಿಗೆ ಬೀಟ್‌ರೂಟ್ ಹೆಚ್ಚುತ್ತಿದ್ದಳು.

"ಲೋ ಪಾನಾಸ್, ಫೋನು ಸುಮ್ನಿದೆ, ನೀನೂ ಸುಮ್ನಿರೋ. ನಿನ್ನ ಕಿವಿಯೇನು ಸರ್ಕಾರದ್ದಾ?"

"ಬಾರೇ ಅಕ್ಕಾ, ಕೆಳಗೆ ಕೂತು ಬೈಯುವಂತೆ!"

"ತಾಳು, ಒಲೆ ಆರಿಸಿ ಬಂದೆ" ಅಂದಳು. ಬರಲಿಲ್ಲ.

ಅಡುಗೆಮನೆ ಉಳಿದಿಲ್ಲ. ಅವಳ ಗೋರಿಯ ಶಿಲುಬೆಗೆ ಕಟ್ಟಲು ನೀನು ಕಸೂತಿ ಹಾಕಿದ ವಸ್ತ್ರ ಬೇಕು. ಮಗಳ ಕೈಯದ್ದೇ ಆಗಬೇಕು. ಈ ಪತ್ರ ತಂದ ಚಾಲಕನ ಕೈಯಲ್ಲಿ ಕಳಿಸು. ಜೊತೆಗಿರುವ ಉಪ್ಪು ಸೌತೆಕಾಯಿಯ ಜಾಡಿ ಅವಳು ಹಾಕಿಟ್ಟಿದ್ದು. ಅದೊಂದೇ ಉಳಿದಿತ್ತು, ಗೆಳತಿಯರಿಗೂ ಕೊಟ್ಟು ತಿನ್ನು.

ಅಂಗಳದ ಹಿಮದಲ್ಲಿ ಅವಳ ಫೋನು ಸಿಕ್ಕಿತು, ಒಂದು ಗೀರೂ ಬಿದ್ದಿಲ್ಲ. ಜಾಲ ಸರಿಹೋದ ಮೇಲೆ ದಿನವೂ ಬಾಯಿ ಬಡಿದುಕೊಳ್ಳುತ್ತದೆ. ಆರಿಸಲು ನನಗೆ ಬರುವುದಿಲ್ಲ ಎಂದುಕೊಳ್ಳಬೇಡ. ಬರುತ್ತದೆ, ಆರಿಸುವುದಿಲ್ಲ. ಅದು ಕೂಗಿದಾಗಲೆಲ್ಲ "ಬಾ ಅಕ್ಕಾ" ಎಂದು ಜೇಬಿಗೆ ಹಾಕಿಕೊಂಡು ನೆಲಮಾಳಿಗೆಗೆ ಇಳಿಯುತ್ತೇನೆ.

ನಿನ್ನ ಮಾವ,
ಪಾನಾಸ್