ಹರಳಿನ ನಡುವಿನ ನೆರಳು

ತುರುವೇಕೆರೆ, ನವೆಂಬರ್ ೧೪, ಶುಕ್ರವಾರ

ತಂಗಿ ವನಜಾ ಇಂದು ತಿಪಟೂರಿನಲ್ಲಿ ಕೊಂಡ ವಜ್ರವನ್ನು ಪರೀಕ್ಷಿಸಿದ ಮಹಾಪಂಡಿತ ನಾನೇ. ಕೊಬ್ಬರಿಯಾದರೆ ಕಿವಿಯ ಬಳಿ ಅಲ್ಲಾಡಿಸಿ ಗುಣ ಹೇಳಬಲ್ಲೆ. ಪೇರ್ ಶೇಪ್, ಅಂದರೆ ನೀರಹನಿಯಾಕಾರದ ವಜ್ರದ ವಿದ್ಯೆಯನ್ನು ಬಸ್ಸಿನಲ್ಲಿ ಮೊಬೈಲ್ ನೋಡಿ ಸಂಪಾದಿಸಿದ್ದೆ: ಎರಡೂ ಭುಜ ಸಮನಾಗಿರಬೇಕು, ತುದಿ ನೆಟ್ಟಗಿರಬೇಕು, ನಡುವೆ ಕಪ್ಪು ನೆರಳು ಕಾಣಬಾರದು.

ನೆರಳು ಕಂಡಿತು. ಹೇಗೆ ತಿರುಗಿಸಿದರೂ ಹೋಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವರು, "ಸಾರ್, ಭಾನುವಾರ ನಿಮ್ಮ ಅಂಕಣ ಓದದೆ ನಾನು ಕಾಫೀನೇ ಕುಡಿಯಲ್ಲ" ಎಂದುಬಿಟ್ಟರು. ಇಷ್ಟು ವರ್ಷಕ್ಕೆ ಸಿಕ್ಕ ಒಬ್ಬ ಓದುಗನ ಮಾಲನ್ನು ಹೇಗೆ ತೆಗಳಲಿ?

"ಅಣ್ಣಾ, ಮಧ್ಯ ಏನೋ ಕಪ್ಪಗೈತಲ್ಲ?" ಎಂದಳು ವನಜಾ.

"ಅದೇ ಕಣೇ ಅಸಲಿ ಗುರುತು!"

ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದು ಆಸೆಪಟ್ಟ ಹರಳು. ಮರುಮಾತಿಲ್ಲದೆ ಕೊಂಡಳು.

ನಾಳೆ ಅದನ್ನು ಪದಕಕ್ಕೆ ಕೂರಿಸುತ್ತಾರೆ. ಅದಕ್ಕೆ ಮೊದಲಾದರೆ ಬದಲಾಯಿಸಿಕೊಡುತ್ತಾರೆ. ನಿಜ ಹೇಳಿಬಿಡೋಣವೆಂದು ಈಗಷ್ಟೇ ವನಜಾಗೆ ಫೋನ್ ಮಾಡಿದೆ.

"ಪಕ್ಕದ್ಮನೆ ರಜಿಯಾ ಬೇಗಂಗೂ ಹೇಳ್ಕೊಟ್ಟೆ ಕಣಣ್ಣಾ. ನೆರಳಿರೋದೇ ನೋಡಿ ತಗಳ್ರೀ, ನಮ್ಮಣ್ಣ ಹೇಳವ್ರೆ ಅಂತ!"

ಆ ದನಿಯ ಹೆಮ್ಮೆ ಕೇಳಿ, "ಒಳ್ಳೇದಾಯ್ತು ಬುಡವ್ವ" ಎಂದು ಫೋನಿಟ್ಟೆ.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಅವಳ ಮನೆಗೆ ಹೋಗಬೇಕು. "ವನಜಾ, ನಿಮ್ಮಣ್ಣ ಒಂದು ಹೊಗಳಿಕೆಗೆ ನಿನ್ನ ಹರಳನ್ನ…" ಎಂದು ಶುರು ಮಾಡಬೇಕು. ಮುಂದಿನ ಮಾತು ಈ ಅಂಕಣಕಾರನಿಗೆ ಡೈರಿಯಲ್ಲೂ ಬರೆಯಲಾಗುತ್ತಿಲ್ಲ.