ಅರ್ಧ ಮುಷ್ಟಿ

ಕ್ರಿ.ಶ. ೨೩೧೮, ಫೆಬ್ರವರಿ ಮೂವತ್ತು

ಮುನ್ನೂರು ವರ್ಷ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ, ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಮಾತು ಒರಟೆನಿಸಿದರೆ ಕ್ಷಮಿಸಿ. ನಾನು ಅಕ್ಕಣಿ, ಕುಂದಾಪುರದ ಕಡಲಗೋಡೆಯೊಳಗಿನ ಎಣ್ಣೆಮನೆಯಲ್ಲಿ ಬಲೆ ಹೆಣೆಯುವವಳು.

ಕಡಲಲ್ಲಿ ಈಗ ಬೂತಾಯಿ ಇಲ್ಲ. ಆ ಮೀನನ್ನು ತೊಟ್ಟಿಯಲ್ಲಿ ಸಾಕಿ ಎಣ್ಣೆ ತೆಗೆಯುವ ಜಾಗವೇ ಎಣ್ಣೆಮನೆ. ಕೀಲುವಾತದವರು ಇಲ್ಲಿ ದುಡಿದರೆ ದಿನಕ್ಕೊಂದು ಚಮಚ ಸಿಗುತ್ತದೆ. ವಾಸನೆಗೆ ಮೂಗು ಮುಚ್ಚಿ ನುಂಗಬೇಕು, ಫಲ ಕಾಣಲು ಮೂರು ತಿಂಗಳು ಬೇಕು, ಬಿಟ್ಟರೆ ನೋವು ಮರಳುತ್ತದೆ. ಆದರೂ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವಷ್ಟು ಬೆರಳು ಬಗ್ಗುವುದು ಸಣ್ಣ ಮಾತಲ್ಲ. ಹೊರಗೆ ಒಂದು ಹನಿಯೂ ಸಿಗದು. ಹಾಗಾಗಿ ಇಪ್ಪತ್ತು ವರ್ಷದಿಂದ ನಾನು ಈ ಗೋಡೆ ದಾಟಿಲ್ಲ.

ಪ್ರತಿ ಅಮಾವಾಸ್ಯೆಗೆ ಮುಷ್ಟಿ ತಪಾಸಣೆ. ಮುಷ್ಟಿ ಮಡಚಲೇ ಆಗದಿದ್ದರೆ ಕೆಲಸಕ್ಕೆ ಬಾರದವಳೆಂದು ಹೊರಗೆ ಹಾಕುತ್ತಾರೆ. ಪೂರ್ತಿ ಮಡಚಿದರೆ ಗುಣವಾಯಿತೆಂದು ಬರೆದು ಎಣ್ಣೆ ಖಾಯಂ ಬಂದ್, ಕೆಲಸ ಮಾತ್ರ ತಪ್ಪದು. ಅತ್ತ ದರಿ, ಇತ್ತ ಪುಲಿ. ಅದಕ್ಕೇ ನಾವೆಲ್ಲ ಅರ್ಧ ಮುಷ್ಟಿ ಹಿಡಿಯಲು ಕಲಿತವರು.

ನನ್ನ ತಂಗಿ ಗುಲಾಬಿ ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. "ಪೂರಾ ಮಡಚ್‌ಬೇಡ ಮಾರಾಯ್ತಿ" ಎಂದು ನೂರು ಸಲ ಹೇಳಿದ್ದೆ. ಬೆರಳು ಬಗ್ಗಿದ ಸಂತೋಷಕ್ಕೆ ಪೆದ್ದಿ ತಪಾಸಣೆಯವನ ಮೂಗಿನೆದುರೇ ಮುಷ್ಟಿ ಬಿಗಿದು ತೋರಿಸಿದಳು. "ಗುಣ ಆಯ್ತಲ್ಲ, ಇನ್ನೆಂತಕ್ಕೆ ಎಣ್ಣೆ?" ಎಂದ ಅವನು. ಕೋಪಕ್ಕೆ ಎರಡು ದಿನ ಅವಳ ಜತೆ ಮಾತು ಬಿಟ್ಟೆ. ಮೂರನೆಯ ದಿನ ನನಗೇ ಅಳು ಬಂತು.

ಅಂದಿನಿಂದ ನನ್ನ ಚಮಚವನ್ನು, ಪೀಪಾಯಿಯ ತಳದಲ್ಲಿ ಉಳಿದಿತ್ತೆಂದು ಸುಳ್ಳು ಹೇಳಿ, ಅವಳಿಗೆ ಕುಡಿಸುತ್ತಿದ್ದೇನೆ. ಅರ್ಧರ್ಧ ಕುಡಿದರೆ ಇಬ್ಬರಿಗೂ ಸಾಲದು. ಎರಡು ತಪಾಸಣೆ ಹಲ್ಲು ಕಚ್ಚಿ ದಾಟಿದೆ. ಈಗ ಗೆಣ್ಣುಗಳು ಊದಿವೆ, ನಾಳೆಯ ತಪಾಸಣೆಯಲ್ಲಿ ನನ್ನನ್ನು ಹೊರಹಾಕುತ್ತಾರೆ. ತಾವಾಗಿ ಹೋದವರದ್ದಲ್ಲ, ಹೊರಹಾಕಿಸಿಕೊಂಡವರ ಚಮಚ ಮಾತ್ರ ಒಳಗಿರುವ ಒಡಹುಟ್ಟಿದವರಿಗೆ, ಅವರು ಗುಣವಾದವರ ಪಟ್ಟಿಯಲ್ಲಿದ್ದರೂ, ಸಲ್ಲಬೇಕೆಂಬುದು ಇಲ್ಲಿಯ ಕಟ್ಟಳೆ. ನನಗೆ ಹೆದರಿಕೆಯಿದೆ. ಆದರೂ ಹೋಗುತ್ತೇನೆ.

ನಿಮ್ಮ ಕಾಲದಲ್ಲಿ ಈ ಎಣ್ಣೆ ಗುಳಿಗೆಯಾಗಿ ಅಂಗಡಿಯಲ್ಲೇ ಸಿಗುತ್ತಿತ್ತಂತೆ, ಪುಣ್ಯವಂತರು. ನನ್ನದೊಂದೇ ಬೇಡಿಕೆ. ನೋವು ತಗ್ಗಿದವರನ್ನು ಗುಣವಾದವರೆಂದು ಬರೆದು ಸೀಸೆ ಕಿತ್ತುಕೊಳ್ಳಬೇಡಿ.

ಈ ಅಕ್ಷರ ನನ್ನದಲ್ಲ. ಲೇಖನಿ ಹಿಡಿಯಲಾಗದೆ ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ಗುಲಾಬಿ. ಚಮಚದ ವಿಷಯ ಅವಳಿಗೂ ಈಗಷ್ಟೇ ತಿಳಿಯಿತು, ಬೇರೆ ಹೇಗೆ ಹೇಳಲೂ ನನಗೆ ಬಾಯಿ ಬರಲಿಲ್ಲ. ಅಳಬೇಡ ಹೆಣ್ಣೇ, ಇದನ್ನೂ ಬರೆ. ನನ್ನ ಹೆಸರು ಹಾಕಿ ಮುಗಿಸು.

ಅಕ್ಕಣಿ