ಡಾಕ್ಟರ್ ಕೇಳಿದ್ದು ನನ್ನನ್ನ

ಅಗಡಿ, ಮಂಗಳವಾರ

ಭುವನಾಳ ಅಪ್ಪಾರಿಗೆ ಪುಷ್ಪಲತಾಳ ನಮಸ್ಕಾರ.

ಫೋನಿನ್ಯಾಗ ನೀವು ನನ್ನ ಮಾತು ಮುಗಿಯಾಕ ಬಿಡೂದಿಲ್ಲ. ಅದಕ್ಕ ತವರುಮನ್ಯಾಗ ಕುಂತು ಬರಿಯಾಕತ್ತೇನಿ, ನಾಳೆ ಅವ್ವನ ಕೈಯಾಗ ಕೊಟ್ಟು ಕಳಸ್ತೇನಿ.

ಹೋದ ವಾರ ರಾಣೆಬೆನ್ನೂರಿನ ದವಾಖಾನ್ಯಾಗ ಡಾಕ್ಟರಮ್ಮ ನನ್ನ ಹೊಟ್ಟಿ ನೋಡಿ ಎರಡು ದಾರಿ ಹೇಳಿದ್ರು. ಸಣ್ಣ ತೂತು ಮಾಡಿ ಬರೇ ಕೊಬ್ಬು ತಗಿಯೂದು ಒಂದು. ಜೋತುಬಿದ್ದ ಚರ್ಮ ಕೊಯ್ದು, ಭುವನಾನ ಹೆತ್ತಾಗ ಅಗಲಿದ ಸ್ನಾಯು ಕೂಡಿಸಿ ಹೊಲಿಯೂದು ಇನ್ನೊಂದು. "ನಿಮಗ ಯಾವುದು ಬೇಕ್ರಿ?" ಅಂತ ಅವರು ಕೇಳಿದ್ದು ನನ್ನನ್ನ. ನಾ ಬಾಯಿ ತೆರೆಯೂದ್ರಾಗ ನೀವು, "ಮೊದಲನೇದ್ದ ಮಾಡ್ರಿ ಮೇಡಂ. ತಮ್ಮನ ಮದುವಿ ಬರೂದ್ರಾಗ ಹೊಟ್ಟಿ ಕರಗಬೇಕು, ಗುರ್ತು ಕಾಣಬಾರದು" ಅಂದ್ರಿ. ಹೊಟ್ಟಿ ಯಾರದು?

ಬ್ಯಾಡಗ್ಯಾಗ ನಮ್ಮ ಅಂಗಡಿಗೆ ಮೆಣಸಿನಕಾಯಿ ಕೊಳ್ಳಾಕ ಬಂದವರು "ವೈನಿಗೆ ಎಷ್ಟನೇ ತಿಂಗಳು?" ಅಂದಾಗ ಅವರ ಜೋಡಿ ನೀವೂ ನಕ್ಕಿರಿ. ಅದನ್ನ ನಾ ಮರ್ತಿಲ್ಲ.

ನಿನ್ನೆ ಅವ್ವನ್ನ ಕರ್ಕೊಂಡು ಮತ್ತ ದವಾಖಾನಿಗೆ ಹೋಗಿದ್ದೆ. ಬರೇ ಕೊಬ್ಬು ತಗದ್ರ ಸ್ನಾಯು ಕೂಡೂದಿಲ್ಲಂತ, ಹೊಟ್ಟಿ ಹಿಂಗ ಮುಂದ ಬಂದಿರ್ತೈತಂತ. ಎರಡನೇದ್ದ ಮಾಡ್ರಿ ಅಂತ ಹೇಳಿ ಸಹಿ ಮಾಡಿ ಬಂದೇನಿ. ಈ ಟೊಂಕದಿಂದ ಆ ಟೊಂಕದ ತನಕ ಗುರ್ತು ಉಳೀತೈತಿ. ಉಳೀಲಿ.

ಆಪರೇಷನ್ ಶುಕ್ರವಾರ ಐತಿ. ಮುಂದಿನ ತಿಂಗಳ ಮದುವಿಗೆ ನಾ ಬರಾಕಾಗೂದಿಲ್ಲ. ಅತ್ತಿಯವರಿಗೆ ನೀವ ಹೇಳ್ರಿ, ಕಾರಣ ಮುಚ್ಚಿಡಬ್ಯಾಡ್ರಿ.

ಗುರುವಾರ ಬಂದು ಭುವನಾನ ಕರ್ಕೊಂಡು ಹೋಗ್ರಿ. ಎರಡು ವರ್ಷದ ಕೂಸು, ಘಳಿಗಿಗೊಮ್ಮೆ ಎತ್ಕೋ ಅಂತಾಳ. ಆರು ವಾರ ನಾ ಭಾರ ಎತ್ತೂಹಂಗಿಲ್ಲ. ನೀವ ಎತ್ಕೋರಿ.

ಪುಷ್ಪಲತಾ